ಖಾಲಿ ಹೊಟ್ಟೆಯಲ್ಲಿ ಹಲ್ಲಿನ ದವಾಖಾನೆಗೆ

ಸೋಮವಾರ ಬೆಳಗ್ಗೆ ಹತ್ತು ಗಂಟೆ. ಸಿಂಧನೂರಿನ ಹಲ್ಲಿನ ದವಾಖಾನೆಯಲ್ಲಿ ಇದ್ದವರು ನಾನು, ಪಾಮನಕಲ್ಲೂರಿನಿಂದ ಬಂದಿದ್ದ ನನ್ನ ಅಕ್ಕ ಮತ್ತು ಡಾಕ್ಟರಮ್ಮ. ಗುಳಿಗೆ, ಪಥ್ಯ ತಪ್ಪದಿದ್ದರೂ ಅಕ್ಕನ ಸಕ್ಕರೆ ಕಾಯಿಲೆ ಹತೋಟಿಗೆ ಬಂದಿರಲಿಲ್ಲ. ವಸಡಿನಿಂದ ರಕ್ತವೂ ಬರುತ್ತಿತ್ತು. ವಸಡಿನ ಸೋಂಕು ಸಕ್ಕರೆಯನ್ನು ಏರಿಸುತ್ತದೆ, ಹಲ್ಲು ಸ್ವಚ್ಛ ಮಾಡಿಸಲೇಬೇಕು ಎಂದು ಡಾಕ್ಟರಮ್ಮ ಹಿಂದಿನ ವಾರ ಹೇಳಿದ್ದರು.

"ಮುಂಜಾನಿ ಏನ್ ತಿಂದೀರಿ ಅಮ್ಮಾ?"

"ಏನಿಲ್ರೀ. ರಕ್ತ ತಪಾಸಣಿಗೆ ಬಂದಂಗ ಖಾಲಿ ಹೊಟ್ಟೀಲೆ ಬಂದೀನಿ. ಗುಳಗೀನೂ ನುಂಗಿಲ್ಲ," ಎಂದಳು ಅಕ್ಕ, ಹೆಮ್ಮೆಯಿಂದ.

"ಇದಕ್ಕ ಉಂಡು, ಗುಳಗಿ ತಗೊಂಡ ಬರಬೇಕ್ರೀ. ಉಪವಾಸ ಇದ್ರ ತಲಿ ತಿರುಗ್ತದ."

ಹೊರಗಿನ ಬೆಂಚಿನ ಮೇಲೆ ಅಕ್ಕ ಬುತ್ತಿ ಬಿಚ್ಚಿ ಖಡಕ್ ರೊಟ್ಟಿ ಕಚ್ಚಿದಳು. ನೋವಿಗೆ ಕಣ್ಣು ಮುಚ್ಚಿದಳು.

"ಮನಿಗೆ ಹೋಗೂಣ ನಡಿಯೋ ತಮ್ಮಾ. ಕ್ಲೀನ್ ಮಾಡಿದ್ರ ಹಲ್ಲು ಅಲ್ಲಾಡ್ತಾವಂತ."

"ಈಗೇನ್ ಗಟ್ಟಿ ಅದಾವೇನು?" ಎಂದೆ.

ಅಕ್ಕ ಕೈಯಲ್ಲಿದ್ದ ರೊಟ್ಟಿಯನ್ನು ನೋಡಿದಳು. "ಬಾಯಿ ಭಾಳ ಆಗ್ಯಾದ ನಿಂದು. ಹೋಗು, ಉಪ್ಪಿಟ್ಟು ತಾ."

ಉಪ್ಪಿಟ್ಟು ತಿಂದು, ಗುಳಿಗೆ ನುಂಗಿ, ತಾನೇ ಮೊದಲು ಒಳಗೆ ನಡೆದಳು.

ಸಂಜೆ ನನ್ನ ಮನೆಯಲ್ಲಿ ಅದೇ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿಕೊಂಡು ಉಂಡಳು. ರಕ್ತ ಬರುತ್ತದೆಂದು ಬಳಸದೆ ಚೀಲದಲ್ಲೇ ಇಟ್ಟುಕೊಂಡಿದ್ದ ಬ್ರಷ್ಷನ್ನು ಮತ್ತೆ ಹಿಡಿದು, ಡಾಕ್ಟರಮ್ಮ ತೋರಿಸಿದಂತೆ ಮೆಲ್ಲಗೆ ಉಜ್ಜಿದಳು. ಆಮೇಲೆ ಅದನ್ನು ತೊಳೆದು ನನ್ನ ಬ್ರಷ್ಷಿನ ಪಕ್ಕದಲ್ಲಿ ನಿಲ್ಲಿಸಿದಳು.