ಗಾಳಿಕಿಂಡಿ ಬಲ್ಲವಳು

ಗಣಿ ಮುಚ್ಚಿ ಊರು ಅರ್ಧ ಖಾಲಿಯಾದ ಮೇಲೂ ಕಲ್ಲಿನ ಉಗ್ರಾಣ ನಿಂತೇ ಇತ್ತು. ಬಂಡೆ ಸಿಡಿಸುವ ಮದ್ದು ಇಡುತ್ತಿದ್ದ ಕಟ್ಟಡ. ಅದಕ್ಕೇ ಗೋಡೆ ಎರಡು ಮೊಳ ದಪ್ಪ. ಹೊರಗಿನ ಕಿಡಿ ನೇರವಾಗಿ ಒಳಗೆ ಬೀಳದಂತೆ ಗಾಳಿಕಿಂಡಿಗಳು ಗೋಡೆಯೊಳಗೇ ಸೊಟ್ಟಗೆ ತಿರುಗಿದ್ದವು. ದಾಖಲೆಯಲ್ಲಿ ಅದರ ಕಾವಲುಗಾರ ಅವಳ ಗಂಡ. ಅವನಿಗೆ ಧೂಳು ಆಗುತ್ತಿರಲಿಲ್ಲ. ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಒಳಗಿನದೆಲ್ಲ ಇಪ್ಪತ್ತೆರಡು ವರ್ಷ ಅವಳದು.

ಒಳಗೆ ಹೋಗುವ ಮುನ್ನ ಹೇರ್‌ಪಿನ್ನು, ಬಟ್ಟೆಯ ಪಿನ್ನು ಬಿಚ್ಚಿ ಹೊರಗಿನ ತಟ್ಟೆಯಲ್ಲಿಡುತ್ತಿದ್ದಳು. ಕಬ್ಬಿಣ ಕಲ್ಲಿಗೆ ತಾಗಿ ಕಿಡಿ ಹಾರಬಾರದೆಂಬುದು ಗಣಿಯ ಕಟ್ಟಳೆ. ಮದ್ದೆಲ್ಲ ಸಾಗಿಸಿ ವರ್ಷಗಳಾದರೂ ಅವಳು ಅದನ್ನು ಬಿಡಲಿಲ್ಲ.

"ಇನ್ನೇನು ಸಿಡಿಯುತ್ತೆ ಒಳಗೆ, ನಿನ್ನ ತಲೇನಾ?" ಎಂದು ಗಂಡ ನಗುತ್ತಿದ್ದ.

ಕೆದರಿದ ಕೂದಲಲ್ಲೇ ಗುಡಿಸುತ್ತಿದ್ದಳು. ಬಗ್ಗಿಸಿದ ಬೆತ್ತಕ್ಕೆ ಚಿಂದಿ ಸುತ್ತಿ ಹದಿನಾಲ್ಕು ಕಿಂಡಿಗಳಿಂದ ಹಕ್ಕಿಗೂಡು, ಜೇಡರಬಲೆ ಎಳೆಯುತ್ತಿದ್ದಳು. ಒಂದು ಕಿಂಡಿ ಕಟ್ಟಿಕೊಂಡರೂ ಮೂರೇ ದಿನಕ್ಕೆ ಗೋಡೆ ಬೆವರುತ್ತಿತ್ತು. ಗುಡಿಸಿದ ಮೇಲೆ ಕೋಣೆಗೆ ಬಂದು ಒಲೆ ಹಚ್ಚುತ್ತಿದ್ದಳು. ಗಂಡ "ಇವತ್ತು ಕೆಲಸ ಜಾಸ್ತಿ" ಎಂದು ಕಾಲು ಚಾಚುತ್ತಿದ್ದ.

ಅವನು ಸತ್ತ ಮರುವರ್ಷ, ಉಗ್ರಾಣವನ್ನು ಜನರ ವೀಕ್ಷಣೆಗೆ ತೆರೆಯುತ್ತಾರೆ, ನೋಡಿಕೊಳ್ಳುವವರು ಬೇಕು ಎಂದು ಸುದ್ದಿ ಬಂತು. ಅವಳಿದ್ದ ಒಂಟಿ ಕೋಣೆ ಆ ಕೆಲಸಕ್ಕೇ ಸೇರಿದ್ದು. ಅವಳು ಅರ್ಜಿ ಹಾಕಿದಳು, ಈ ಸಲ ತನ್ನ ಹೆಸರಲ್ಲಿ.

"ಅನುಭವ ಏನಿದೆಯಮ್ಮ?" ಅಧಿಕಾರಿ ಕೇಳಿದರು.

"ಗುಡಿಸ್ತಿದ್ದೆ, ಕಿಂಡಿ ಬಿಡಿಸ್ತಿದ್ದೆ, ಬಾಗಿಲಿಗೆ ಎಣ್ಣೆ ಹಾಕ್ತಿದ್ದೆ. ಇಪ್ಪತ್ತೆರಡು ವರ್ಷ."

"ಅದು ಗಂಡನಿಗೆ ಮಾಡಿದ ಸಹಾಯ ಆಯ್ತು. ನಿಮ್ಮ ಹೆಸರಲ್ಲಿ ಒಂದು ದಿನದ ಸೇವೆಯೂ ಇಲ್ವಲ್ಲ."

"ಕಿಂಡಿಗೆ ಹೆಸರು ಓದೋಕೆ ಬರಲ್ಲ ಸಾರ್."

ಗುಮಾಸ್ತ ನಕ್ಕ. ಅಧಿಕಾರಿ ನಗಲಿಲ್ಲ.

ಕೆಲಸ ಅವಳ ಮೈದುನನಿಗೆ ಸಿಕ್ಕಿತು. ಯಾವುದೋ ಗೇಟಿನಲ್ಲಿ ಎರಡು ವರ್ಷ ನಿಂತಿದ್ದಕ್ಕೆ ಅವನ ಬಳಿ ಕಾಗದವಿತ್ತು. ಸಂಜೆ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದ.

"ನೀವೇನೂ ಯೋಚನೆ ಮಾಡ್ಬೇಡಿ ಅತ್ತಿಗೆ. ಕೋಣೇಲಿ ನೀವೇ ಇರಿ. ಹೆಸರಿಗೆ ನಾನು, ಅಷ್ಟೆ. ಅಣ್ಣ ಇದ್ದಾಗ ಹೇಗೋ ಹಾಗೇ."

"ಹಾಗೇ ಅಂದ್ರೆ?"

"ಒಳಗಿನ ಕೆಲಸಕ್ಕೆ ನಿಮ್ಮ ಕೈ ಪಳಗಿದೆಯಲ್ಲ."

"ನಿನ್ನ ಕೈಗೇನಾಗಿದೆ?"

"ನಂಗೆ ಧೂಳು ಆಗಲ್ಲ ಅತ್ತಿಗೆ."

"ನಿಮ್ಮ ಮನೆ ಗಂಡಸರ ಮೂಗು ಬಹಳ ನಾಜೂಕಪ್ಪ," ಎಂದಳು. ಬೀಗದ ಕೈ ತಂದು ಬಿಸ್ಕತ್ತಿನ ಪೊಟ್ಟಣದ ಮೇಲಿಟ್ಟು, ಎರಡನ್ನೂ ಅವನ ಕಡೆ ಸರಿಸಿದಳು. "ಕೋಣೆ ನಾಳೆ ಖಾಲಿ ಮಾಡ್ತೀನಿ."

"ಹೋಗೋದಾದ್ರೂ ಎಲ್ಲಿಗೆ?"

ಬೆಳಗಾಗುವಷ್ಟರಲ್ಲಿ ಜಾಗ ಹುಡುಕಿಕೊಂಡಳು: ದರ್ಜಿಯಮ್ಮನ ಅಂಗಡಿಯ ಹಿಂದೆ, ಹಾಸಿಗೆ ಬಿಚ್ಚಿದರೆ ಬಾಗಿಲು ಮುಚ್ಚದ ಕೋಣೆ. ಬಾಡಿಗೆಗೆ ಬದಲಾಗಿ ಗುಂಡಿ ಹೊಲಿಯಬೇಕು. ಈ ಕರಾರನ್ನು ತನ್ನ ಹೆಸರಲ್ಲೇ ಬರೆದುಕೊಡಿ ಎಂದು ಕೇಳಿದಾಗ ದರ್ಜಿಯಮ್ಮ ವಿಚಿತ್ರವಾಗಿ ನೋಡಿ, ಹಳೆಯ ರಸೀದಿಯ ಹಿಂದೆ ಗೀಚಿಕೊಟ್ಟಳು.

ಮೊದಲ ದಿನ ಕೋಣೆಯನ್ನು ಗುಡಿಸಿದಳು. ಎಂಟು ಬೀಸಿಗೆ ಮುಗಿಯಿತು. ಒಂದು ಲೋಟ, ಒಂದು ತಟ್ಟೆ ತೊಳೆದಳು. ಉಗ್ರಾಣ ಬಿಟ್ಟು ಬಂದದ್ದು ಸರಿಯೋ ತಪ್ಪೋ ಎಂದು ಕೇಳಲು ಎದುರಿಗೆ ಯಾರೂ ಇರಲಿಲ್ಲ. ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಅದು ಮತ್ತೆ ಶುರುವಾಗುವುದನ್ನೇ ಕಾಯುತ್ತ, ದಾರ ಪೋಣಿಸಿದ ಸೂಜಿ ಹಿಡಿದು ಕೂತಳು.