ಕಟ್ ಮಾಡಿದರೆ ನೀರು ಬರುತ್ತದೆ

"ಇವತ್ತೂ ನನ್ನ ಪಾಳಿ ಮಾಳಪ್ಪಗ ಹೋತಂದ್ರ, ಈ ನಿನ್ನ ಪೆಟ್ಟಿಗಿನ ಬಾವ್ಯಾಗ ಒಗಿತೇನಿ ನೋಡವಾ. ಆಮ್ಯಾಲ ದೊಡ್ಡವ್ವ ಹೇಳಲಿಲ್ಲ ಅನಬ್ಯಾಡ."

ಪಂಪ್‌ಶೆಡ್ಡಿನ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ರಾಮವ್ವ ಹೇಳುತ್ತಾರೆ. ಒಳಗೆ ಗೊಬ್ಬರದ ಖಾಲಿ ಚೀಲ ಹಾಸಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ರಾಜೇಶ್ವರಿ ತಲೆ ಎತ್ತುವುದಿಲ್ಲ.

"ಒಗೀರಿ ದೊಡ್ಡವ್ವಾ. ಮೊದಲ ಒಳಗಿನ ಸಿಮ್ ತಕ್ಕೋತೇನಿ, ತಡೀರಿ."

ಕಟಕೋಳದ ಈ ಹೊಲಗಳ ಮೇಲೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕರೆಂಟೂ ಬಂದಿಲ್ಲ. ಬಾವಿಯಲ್ಲಿ ಪಾಲಿರುವ ನಾಲ್ಕೂ ಮನೆಯವರು ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದಾರೆ. ಶೆಡ್ಡಿನ ಗೋಡೆಗೆ ಊಟದ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ ಮೊಳೆಯಿಂದ ತೂಗುತ್ತಿದೆ. ಅದು ಅಲ್ಲೇ ಇರುತ್ತದೋ, ಇವತ್ತೇ ಇಳಿಯುತ್ತದೋ ಎಂಬುದು ರಾಮವ್ವನ ಫೋನು ಬಡಿದುಕೊಂಡ ಮೇಲೆ ತೀರ್ಮಾನ. ಇದನ್ನು ನೋಡಲೆಂದೇ ಮುರಗೋಡದಿಂದ ಕಾಂತೇಶ ಎಂಬ ರೈತರೂ ಬೈಕ್ ಹತ್ತಿ ಬಂದಿದ್ದಾರೆ. ಸರಿಹೋದರೆ ಅವರ ಬಾವಿಗೂ ಒಂದು ಬೇಕು.

ಆ ಪೆಟ್ಟಿಗೆಯೊಳಗಿನ ಪ್ರೋಗ್ರಾಂ ಬರೆದವರು ರಾಜೇಶ್ವರಿ. ಯರಗಟ್ಟಿ ಬಸ್ ಸ್ಟ್ಯಾಂಡಿನ ಹಿಂದೆ ಅವರ ಗಂಡ ಶ್ರೀಶೈಲ ಅವರ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಅದರ ಹಿಂದಿನ ಕೋಣೆ, ವಾರ್ನಿಷ್ ವಾಸನೆ, ತಾಮ್ರದ ತಂತಿಯ ಸುರುಳಿಗಳ ನಡುವೆ ಒಂದು ಸ್ಟೂಲು: ಇದೇ ರಾಜೇಶ್ವರಿಯ ಆಫೀಸು. ಬೈಲಹೊಂಗಲದಲ್ಲಿ ಬಿ.ಎ. ಓದಿದ ಇವರಿಗೆ ಕಂಪ್ಯೂಟರ್ ಕಲಿಸಿದ್ದು ಫೋನಿನ ವಿಡಿಯೋಗಳು. ಹಳೇ ಲ್ಯಾಪ್‌ಟಾಪಿನ ಎಂಟರ್ ಗುಂಡಿ ಹೆಬ್ಬೆರಳಿನಿಂದ ಜಜ್ಜಿದರೆ ಮಾತ್ರ ಮಾತು ಕೇಳುತ್ತದೆ.

"ಸುಟ್ಟ ಮೋಟಾರ್ ಬಂದ್ರ ಇವ್ರು ತಂತಿ ಸುತ್ತಾಕ ಕೂಡೋರು. ನಾ ತಂದವರಿಗೆ ಕೇಳ್ತಿದ್ದೆ, ಯಾಕ ಸುಟ್ಟಿತ್ರಿ ಅಂತ. ಕರೆಂಟ್ ಬಂದಿದ್ದು ಗೊತ್ತಾಗಲಿಲ್ಲ, ಸ್ವಿಚ್ ಹಾಕಿಟ್ಟು ಮನಿಗೆ ಹೋಗಿದ್ವಿ ಅನ್ನೋರು. ಅದನ್ನ ಕೇಳಿ ಕೇಳೇ ಈ ಹುಚ್ಚು ಹಿಡೀತು ನೋಡ್ರಿ" ಎಂದು ನಗುತ್ತಾರೆ.

ಹುಚ್ಚಿನ ಫಲವೇ ಈ ಪೆಟ್ಟಿಗೆ. ಮೂರು ಫೇಸ್ ಕರೆಂಟ್ ತನಗೆ ಮನಸ್ಸಾದಾಗ ಬರುವ ಸೀಮೆ ಇದು. ಬಂದ ಕೂಡಲೇ ಪೆಟ್ಟಿಗೆ, ಅವತ್ತು ಯಾರ ನೀರಿನ ಪಾಳಿಯೋ ಅವರಿಗೆ ಫೋನ್ ಮಾಡುತ್ತದೆ. ಎತ್ತಿದರೆ ರಾಜೇಶ್ವರಿಯದೇ ದನಿ: "ಕರೆಂಟ್ ಬಂದೈತ್ರಿ, ಮೋಟಾರ್ ಹಚ್ಚತೇನ್ರಿ, ಬರ್ರಿ." ಎತ್ತಿದವರಿಗೆ ಪೆಟ್ಟಿಗೆಯೇ ಮೋಟಾರ್ ಹಚ್ಚುತ್ತದೆ; ಅವರು ಒಲ್ಲೆನೆಂದರೆ ಪಾಳಿ ಮುಂದಿನವರಿಗೆ. ಹೋದ ಬೇಸಿಗೆಯಲ್ಲಿ ಎಡವಟ್ಟಾದದ್ದು ಈ 'ಒಲ್ಲೆ' ಎಂಬಲ್ಲಿಯೇ.

ರಾಮವ್ವನ ಮೆಣಸಿನ ಗಿಡ ಹೂವಿಗೆ ಬಂದಿದ್ದ ದಿನಗಳು. ಫೋನ್ ಬಂತು. ರಾಮವ್ವ ಅದನ್ನು ಕಟ್ ಮಾಡಿ, ಸಲಿಕೆ ಹೆಗಲಿಗೇರಿಸಿ ಹೊಲದ ಹಾದಿ ಹಿಡಿದರು. ಕಟ್ ಮಾಡಿದ್ದನ್ನು ಪೆಟ್ಟಿಗೆ ಒಲ್ಲೆ ಎಂದು ತಿಳಿದು, ಪಾಳಿಯಲ್ಲಿ ಮುಂದಿನವರಾದ ಮಾಳಪ್ಪನಿಗೆ ಫೋನ್ ಹಚ್ಚಿತು. ಈಕೆ ಬರುವಷ್ಟರಲ್ಲಿ ಮಾಳಪ್ಪ ತನ್ನ ಗೋವಿನಜೋಳಕ್ಕೆ ನೀರು ತಿರುವಿಕೊಂಡಾಗಿತ್ತು. ಒಂದಲ್ಲ, ಸಾಲಾಗಿ ಮೂರು ಪಾಳಿ ಹೀಗೇ. ಹೂವು ಉದುರಿತು. ಎರಡು ಮನೆಗಳ ನಡುವೆ ಮಾತು ನಿಂತಿತು. ಪೆಟ್ಟಿಗೆ ಕಿತ್ತೊಯ್ಯಿರಿ ಎಂದು ರಾಮವ್ವ ಯರಗಟ್ಟಿಗೆ ಹೇಳಿ ಕಳಿಸಿದರು.

"ಯಾಕ ಕಟ್ ಮಾಡಿದ್ರಿ ದೊಡ್ಡವ್ವಾ ಅಂತ ಕೇಳಿದೆ. ನನ್ನ ಮಾರಿ ಹಿಂಗ ನೋಡಿದ್ರು. 'ತಿಳೀತು, ಬರಾಕತ್ತೇನಿ ಅಂತ ಕಟ್ ಮಾಡಿದ್ನೆವಾ. ಎತ್ತಿ ಡಬ್ಬಿ ಕೂಡ ಏನ್ ಮಾತಾಡ್ಲಿ?' ಅಂದ್ರು. ಅಲ್ರೀ, ನಾನೂ ದಿನಾ ಹಂಗ ಮಾಡತೇನಿ! ಇವ್ರು ಅಂಗಡಿಯಿಂದ ರಿಂಗ್ ಕೊಡತಾರ, ನಾ ಕಟ್ ಮಾಡಿ ರೊಟ್ಟಿ ಬಡಿಯಾಕ ಕೂಡತೇನಿ. ಕೋಡ್ ಬರಿಯಾಗ ಮಾತ್ರ ವಿಡಿಯೋದಾಗ ಹೇಳಿದಂಗ ಬರದಿದ್ದೆ, ಕಟ್ ಅಂದ್ರ ಬ್ಯಾಡ ಅಂತ" ಎನ್ನುತ್ತಾರೆ ರಾಜೇಶ್ವರಿ.

ಫೋನಿಗೆ ನಿಮಿಷದ ಲೆಕ್ಕದಲ್ಲಿ ದುಡ್ಡು ಕಡಿಯುತ್ತಿದ್ದ ಕಾಲದ ರೂಢಿ ಅದು. ಮಾತು ಪುಕ್ಕಟೆಯಾದರೂ ರೂಢಿ ಹೋಗಿಲ್ಲ. ಕೊನೆಯದಾಗಿ ಒಂದು ಪಾಳಿ ಕೊಡಿ ಎಂದು ಕೇಳಿಕೊಂಡ ರಾಜೇಶ್ವರಿ, ಲ್ಯಾಪ್‌ಟಾಪನ್ನು ಅಂಗಡಿಯಲ್ಲೇ ಬಿಟ್ಟು ನಾಲ್ಕೂ ಮನೆಯ ಕಟ್ಟೆ ಹತ್ತಿದರು. ಮಂದಿ ಫೋನನ್ನು ಹೇಗೆ ಬಳಸುತ್ತಾರೆ ಎಂದು ಸುಮ್ಮನೆ ಕೂತು ನೋಡಿದರು. ಮಾಳಪ್ಪ ಪೆಟ್ಟಿಗೆಯ ದನಿಗೂ "ಹಚ್ಚವಾ ಹಚ್ಚು, ಚಾ ಕುಡದು ಬಂದೆ" ಎಂದು ಉತ್ತರ ಕೊಡುತ್ತಾರೆ. ಇನ್ನೊಂದು ಮನೆಯ ಭೀಮಶಿಯ ಫೋನು ದನದ ಕೊಟ್ಟಿಗೆಯ ಗೂಡಿನಲ್ಲಿರುತ್ತದೆ, ಎಮ್ಮೆಗಳಷ್ಟೇ ಕೇಳಿಸಿಕೊಳ್ಳುತ್ತವೆ. ಹಾಗಾಗಿ ಹೊಸ ಕೋಡು ಹೀಗಿದೆ: ಎತ್ತಿದರೂ ಹೂಂ, ಕಟ್ ಮಾಡಿದರೂ ಹೂಂ. ಯಾರೂ ಮುಟ್ಟದೆ ಬಡಿದುಕೊಂಡು ನಿಂತರೆ ಮಾತ್ರ ಪಾಳಿ ಮುಂದಕ್ಕೆ.

ಚೆಂದದ ಒಂದು ಆ್ಯಪ್ ಮಾಡಬಾರದೇ ಎಂದು ಕೇಳುವವರಿಗೆ ರಾಜೇಶ್ವರಿಯಲ್ಲಿ ಉತ್ತರ ಸಿದ್ಧವಿದೆ. "ಫೋನ್ ಈಗ ಮುಂಜಾನಿಂದ ಸಂಜಿ ಮಟ ಒದರತೈತ್ರಿ. ಇದನ್ನ ತಗೋ, ಅದನ್ನ ನೋಡು, ಇವರ ಹುಟ್ಟಿದ ದಿನ. ಹಂಗ ಒದರೋದಕ್ಕ ಮಂದಿ ಕಿವಿ ಕೊಡೂದ ಬಿಟ್ಟಾರ. ನಂದು ಒಮ್ಮಿ ಕರೀಬೇಕು, ಸುಮ್ನಾಗಬೇಕು. ಈ ಸಲ ನಾ ಬರದಿದ್ದಕ್ಕಿಂತ ಅಳಿಸಿದ್ದ ಜಾಸ್ತಿ. ಅಳಿಸಿದಾಗ ಭಾಳ ಖುಷಿ ಆಕ್ಕೇತ್ರಿ, ಮನಿ ಕಸಾ ಹೊಡದಂಗ."

ಅಷ್ಟರಲ್ಲಿ ಶೆಡ್ಡಿನ ಕೆಂಪು ಬಲ್ಬು ಹತ್ತುತ್ತದೆ. ಎಲೆಯಡಿಕೆಯ ಸಂಚಿಯೊಳಗೆ ರಾಮವ್ವನ ಫೋನು ಬಡಿದುಕೊಳ್ಳುತ್ತದೆ. ಹೊರತೆಗೆದ ರಾಮವ್ವ ಮಾಳಪ್ಪನನ್ನೊಮ್ಮೆ, ಗೋಡೆಯ ಪೆಟ್ಟಿಗೆಯನ್ನೊಮ್ಮೆ ನೋಡಿ, ಹೆಬ್ಬೆರಳು ಒತ್ತಿ ಕಟ್ ಮಾಡುತ್ತಾರೆ.

ಏನೂ ಆಗುವುದಿಲ್ಲ.

ಟಕ್. ಮೋಟಾರು ಗುಂಯ್ ಎನ್ನುತ್ತದೆ. ಪೈಪು ಎರಡು ಸಲ ಕೆಮ್ಮಿ, ದಪ್ಪ ಧಾರೆಯನ್ನು ರಾಮವ್ವನ ಕಾಲುವೆಗೆ ಸುರಿಯುತ್ತದೆ. ಭೀಮಶಿ ಸಿಳ್ಳೆ ಹೊಡೆಯುತ್ತಾರೆ. ಮಾಳಪ್ಪ ತನ್ನ ಫೋನು ತೆಗೆದು ತಿರುವಿ ನೋಡುತ್ತಾರೆ. ಅದು ಸುಮ್ಮನಿದೆ.

"ಏನ್ ನೋಡ್ತೀಯೋ? ಇವತ್ತ ನಿನಗ ಬರೂದಿಲ್ಲದು" ಎನ್ನುತ್ತಾರೆ ರಾಮವ್ವ. ವರ್ಷದ ನಂತರ ಆ ಮನೆಗೆ ಆಡಿದ ಮೊದಲ ಮಾತು.

"ಬರದಿದ್ರ ಪುಣ್ಯಾ ಬಂತು. ನಿನ್ನ ಬೈಗಳ ತಿಂದು ಹೊಟ್ಟಿ ತುಂಬೈತಿ ನಂದು."

ನಗು ಇಳಿದ ಮೇಲೆ ಭೀಮಶಿ ಕೇಳುತ್ತಾರೆ: "ಹಂಗಾರ ಪೆಟ್ಟಿಗಿ?"

ರಾಮವ್ವ ಅದರತ್ತ ನೋಡುತ್ತಾರೆ. "ಮ್ಯಾಲ ಒಂದು ತಗಡ ಬಡೀರಿ. ಮಳಿ ಬಂದ್ರ ತೊಯ್ಸ್ಕೋತೈತಿ."

ಮುರಗೋಡದ ಕಾಂತೇಶ ಆಗಲೇ ರಾಜೇಶ್ವರಿಯ ನಂಬರು ಕೇಳುತ್ತಿದ್ದಾರೆ. ಮುಂದೇನು ಆಸೆ ಎಂದರೆ ರಾಜೇಶ್ವರಿ ಹೇಳುತ್ತಾರೆ: "ಈ ಪೆಟ್ಟಿಗಿ ಇಲ್ಲಿ ಐತಿ ಅನ್ನೋದನ್ನ ಮಂದಿ ಮರೀಬೇಕ್ರಿ. ನೀರಷ್ಟ ನೆನಪಿರಬೇಕು. ಆದ್ರ ಬರದಾಕಿ ನಾನ ಅಂತ ನನಗ ಗೊತ್ತಿರತೈತಲ್ಲ, ಸಾಕು."

ಲ್ಯಾಪ್‌ಟಾಪ್ ಚೀಲಕ್ಕೆ ಸೇರಿಸಿ ಹೊರಡುವಾಗ ಕೂಗಿ ಹೇಳುತ್ತಾರೆ: "ದೊಡ್ಡವ್ವಾ, ಕಡೀ ಸಾಲಿಗೆ ನೀರು ಮುಟ್ಟಿದ್ರ ನನಗೊಂದು ರಿಂಗ್ ಕೊಡ್ರಿ!"

ಕಾಲುವೆಯಲ್ಲಿ ಮೊಣಕಾಲಿನವರೆಗೆ ಸೀರೆ ಎತ್ತಿ ಕಟ್ಟಿ ನಿಂತ ರಾಮವ್ವ ತಿರುಗುತ್ತಾರೆ. "ಕೊಡತೇನಿ. ಎತ್ತಬ್ಯಾಡ ಮತ್ತ."

"ಈಗ ಪುಕ್ಕಟ ಐತ್ರಿ ಫೋನು!"

"ಪುಕ್ಕಟ ಇದ್ರ ಇರಲಿ. ಎತ್ತಬ್ಯಾಡ."

ಮಧ್ಯಾಹ್ನ ಯರಗಟ್ಟಿಯ ಅಂಗಡಿಯಲ್ಲಿ, ತಂತಿ ಸುರುಳಿಗಳ ನಡುವೆ ರಾಜೇಶ್ವರಿಯ ಫೋನು ಬಡಿದುಕೊಳ್ಳುತ್ತದೆ. ಪರದೆಯ ಮೇಲೆ ಕಟಕೋಳದ ರಾಮವ್ವನ ಹೆಸರು. ರಾಜೇಶ್ವರಿ ಕೈಯ ವಾರ್ನಿಷ್ ಸೆರಗಿಗೆ ಒರೆಸಿಕೊಂಡು, ಎರಡನೇ ರಿಂಗಿಗೆ ಕಟ್ ಮಾಡುತ್ತಾರೆ.