ತುರಿಮಣೆಯ ಹಿಂಬದಿ

ಮಗಳಿಗೆ ಟಾರ್ಕ್, ಅಂದರೆ ತಿರುಗಿಸುವ ಬಲದ ಪಾಠ, ಕಲಿಸಲು ಹೋಗಿ ನಾನು ಮೂರು ಸಂಜೆ ಕಿರುಚಾಡಿದ್ದೆ. ಮಲೇಷ್ಯಾದ ಸುಬಾಂಗ್ ಜಯಾದಲ್ಲಿದ್ದ ವರ್ಷಗಳು ಅವು. ಮೆಡಿಕಲ್ ಕಾಲೇಜಿನಲ್ಲಿ ನೂರು ಜನಕ್ಕೆ ಪಾಠ ಹೇಳುವವಳು ಸ್ವಂತ ಮಗಳೊಬ್ಬಳ ಎದುರು ಸೋತು ಕೂತಿದ್ದೆ. ಅವಳು ಫಿಸಿಕ್ಸ್‌ನಲ್ಲಿ ಫೇಲಾಗಿದ್ದಳು. ಶುಕ್ರವಾರದ ಮರುಪರೀಕ್ಷೆಯೂ ಕೈಕೊಟ್ಟರೆ ವಿಜ್ಞಾನದ ಕ್ಲಾಸಿನಿಂದ ತೆಗೆಯುತ್ತೇವೆ ಎಂದು ಶಾಲೆಯವರು ಹೇಳಿದ್ದರು. ಅವಳಿಗೋ ಸೇತುವೆ ಕಟ್ಟುವ ಇಂಜಿನಿಯರ್ ಆಗುವ ಹುಚ್ಚು.

ಬಲವನ್ನು ದೂರದಿಂದ ಗುಣಿಸು, ಎರಡೂ ಕಡೆ ಸಮವಾದರೆ ತಿರುಗುವುದಿಲ್ಲ, ಇಷ್ಟೇ ಎಂದು ಮೇಜು ಕುಟ್ಟುತ್ತಿದ್ದೆ. ಅವಳ ಕುರ್ಚಿಗೆ ಅಂಟಿಕೊಂಡೇ ಕೂತು, ಬರೆಯುವ ಮೊದಲೇ ಪೆನ್ಸಿಲ್ ಕಸಿಯುತ್ತಿದ್ದೆ. ಕನ್ನಡದಲ್ಲಿ ಎಷ್ಟು ಬೈದರೂ ಅವಳ ಉತ್ತರ ಇಂಗ್ಲಿಷಿನಲ್ಲೇ, ಅರ್ಥವಾಯಿತು ಅಂತ. ಆಗಿರುತ್ತಿರಲಿಲ್ಲ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಬುಧವಾರ ಸಿಟ್ಟಿನಲ್ಲಿ ಪುಸ್ತಕ ಮುಚ್ಚಿ, ಹೋಗಿ ಕಾಯಿಯಾದರೂ ತುರಿ ಎಂದೆ. ಉಡುಪಿಯಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದ ತುರಿಮಣೆ ಅದು. ಪಕ್ಕದ ಮನೆಯ ಮಲಯ್ ಅಜ್ಜಿ ನೋಡಿ ನಕ್ಕಿದ್ದರು. ಅಂಥದ್ದೇ ಮಣೆ ಅವರಲ್ಲೂ ಇತ್ತು. ಮಗಳು ಎಂದೂ ತುರಿದವಳಲ್ಲ. ಮಣೆಯ ಮುಂತುದಿಯಲ್ಲಿ ಕೂತು, ಹೊರಚಾಚಿದ ಹಲ್ಲಿನ ಮೇಲೆ ಕಾಯಿ ಒತ್ತಿದಳು. ಮಣೆಯ ಹಿಂಬದಿ ಮೇಲೆದ್ದಿತು. ಅವಳು ಮುಗ್ಗರಿಸಿದಳು, ಕಾಯಿಕಡಿ ಫ್ರಿಜ್ಜಿನ ಅಡಿಗೆ ಉರುಳಿತು.

"ಹಿಂದೆ ಕೂತ್ಕೊಳ್ಳೇ ಮಾರಾಯ್ತಿ. ನೀನಿರೋದೇ ಹಿಡಿಸೂಡಿ ಕಡ್ಡಿ ಹಾಗೆ. ತೂಕ ಇಲ್ಲದವ್ರು ಹಿಂದೆ ಕೂರ್ಬೇಕು."

ಹಿಂದೆ ಸರಿದು ಒತ್ತಿದಳು, ಮಣೆ ಅಲುಗಲಿಲ್ಲ. ಬೇಕೆಂದೇ ಮುಂದೆ ಬಂದು ಒತ್ತಿದಳು, ಎದ್ದಿತು. ಮತ್ತೆ ಹಿಂದೆ. ಆಮೇಲೆ ಕಾಯಿಯನ್ನು ಅಲ್ಲೇ ಬಿಟ್ಟು ಪುಸ್ತಕಕ್ಕೆ ಓಡಿದಳು. ಮಣೆಯ ಚಿತ್ರ ಬರೆದು, ಅದರ ಮುಂದಿನ ಕಾಲನ್ನು ತಿರುಗುವ ಬಿಂದು ಮಾಡಿ, ಒಂದು ಕಡೆ ಕಾಯಿ, ಇನ್ನೊಂದು ಕಡೆ ತನ್ನನ್ನೇ ಕೂರಿಸಿದಳು. ಲೆಕ್ಕ ಸರಿಯಾಗಿ ಬರುತ್ತಿತ್ತು. ನನಗೆ ತಡೆಯಲಾಗಲಿಲ್ಲ, ಪೆನ್ಸಿಲ್‌ಗೆ ಕೈ ಹಾಕಿದೆ.

ಅವಳು ತಲೆ ಎತ್ತದೆ, ಕನ್ನಡದಲ್ಲಿ ಹೇಳಿದಳು: "ಅಮ್ಮಾ, ನೀನೂ ಸ್ವಲ್ಪ ಹಿಂದೆ ಕೂತ್ಕೋ."

ಕಪಾಳಕ್ಕೆ ಬಿಟ್ಟ ಹಾಗಾಯಿತು. ಒಳಗೊಳಗೇ ಖುಷಿಯೂ ಆಯಿತು. ಕುರ್ಚಿ ಎಳೆದುಕೊಂಡು ಗೋಡೆಯವರೆಗೆ ಸರಿದೆ. ಉಳಿದ ಎಂಟು ಲೆಕ್ಕ ಅವಳೇ ಮಾಡಿದಳು.

ಮುಂದಿನ ವಾರ ಉತ್ತರಪತ್ರಿಕೆ ತಂದು ಮೇಜಿನ ಮೇಲಿಟ್ಟಳು. ಪಾಸಾಗಿದ್ದಳು. ಒಂದು ಲೆಕ್ಕ ಮಾತ್ರ ತಪ್ಪಿತ್ತು, ಎಲ್ಲಿ ತಪ್ಪಿತೆಂದು ನೋಡಲು ಬಗ್ಗಿದೆ. ಅವಳು ನನ್ನ ಮುಖ ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಹಿಂದೆ ಸರಿದು ಕೂತೆ.